ಸೀಟು ಸಿಕ್ಕಿತು, ಒಟ್ಟು ಎಷ್ಟಾಗುತ್ತೆ ಅಂತ ಯಾರು ಹೇಳ್ತಾರೆ? ಉನ್ನತ ಶಿಕ್ಷಣ ಸಚಿವರಿಗೆ ಚಳ್ಳಕೆರೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಮತ್ತು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ಚಳ್ಳಕೆರೆಯಿಂದ ನಮಸ್ಕಾರಗಳು.

ನಾನು ಇಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ತುಂಬುವುದು ನನ್ನ ಕೆಲಸ. ನಾನೂ ಬಿ.ಕಾಂ. ಮುಗಿಸಿದವನು. ಹನ್ನೊಂದು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ. ಡಿಗ್ರಿ ಸೇರುವವರು, ಎಂ.ಎ., ಎಂ.ಎಸ್‌ಸಿ., ಬಿ.ಇಡಿ. ಸೇರುವವರು ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಅದೇ ಮಕ್ಕಳು ಆಮೇಲೆ ಸ್ಕಾಲರ್‌ಶಿಪ್‌ಗೆ ಬರುತ್ತಾರೆ, ಹಾಲ್‌ಟಿಕೆಟ್‌ಗೆ ಬರುತ್ತಾರೆ, ರಿಸಲ್ಟ್ ನೋಡಲು ಬರುತ್ತಾರೆ. ಕೊನೆಗೆ ಒಂದು ದಿನ ಕೆಲಸ ಸಿಗದವರಿಗೆ ಭತ್ಯೆ ಕೊಡುವ ಯುವನಿಧಿಗೆ ಅರ್ಜಿ ಹಾಕಲು ಬರುತ್ತಾರೆ. ಒಂದು ಮಗುವಿನ ಓದು ಶುರುವಾಗಿ ಮುಗಿಯುವವರೆಗೂ ನಾನು ಈ ಕಿಟಕಿಯಿಂದ ನೋಡುತ್ತೇನೆ. ಹಾಗಾಗಿ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲೇ ಒಂದು ಮಾತು. ಇದು ಯಾವುದೋ ಒಂದು ವಿಶ್ವವಿದ್ಯಾಲಯದ ಮೇಲಿನ ದೂರು ಅಲ್ಲ. ಚಳ್ಳಕೆರೆ ನಾಲ್ಕು ದಿಕ್ಕಿಗೂ ದಾರಿ ಇರುವ ಊರು. ಇಲ್ಲಿನ ಮಕ್ಕಳು ದಾವಣಗೆರೆ ಕಡೆಗೂ ಹೋಗುತ್ತಾರೆ, ಬಳ್ಳಾರಿ ಕಡೆಗೂ ಹೋಗುತ್ತಾರೆ. ಹಿರಿಯೂರು ದಾಟಿ ತುಮಕೂರಿಗೆ, ಬೆಂಗಳೂರಿಗೆ, ಆ ಕಡೆ ಶಿವಮೊಗ್ಗಕ್ಕೂ ಹೋಗುತ್ತಾರೆ. ಎಲ್ಲ ಕಡೆಯ ಮಕ್ಕಳ ಕಾಗದಗಳೂ ನನ್ನ ಮೇಜಿನ ಮೇಲೆ ಬಂದಿವೆ. ಅದಕ್ಕೇ ಇಲ್ಲಿ ಯಾವ ಸಂಸ್ಥೆಯ ಹೆಸರನ್ನೂ ಹಿಡಿದು ದೂರುವುದಿಲ್ಲ.

ಒಳ್ಳೆಯದನ್ನೂ ಹೇಳಬೇಕು, ಅಲ್ವಾ? ಚಿತ್ರದುರ್ಗ, ದಾವಣಗೆರೆ ಈ ನಮ್ಮ ಎರಡು ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಹತ್ತಿರ ಬಂದಿರುವುದು ದೊಡ್ಡ ವಿಷಯ. 1979ರಲ್ಲಿ ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ಶುರುವಾದಾಗ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, ಕೇಂದ್ರ ಅದರ ಕೆಳಗೆ ಹೋಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೇ ಆಯಿತು. ಈಗ ಅದಕ್ಕೆ ತೋಳಹುಣಸೆಯಲ್ಲಿ ಶಿವಗಂಗೋತ್ರಿ ಕ್ಯಾಂಪಸ್ ಇದೆ. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಕ್ಯಾಂಪಸ್ ಇದೆ. ಹಿಂದೆ ಎಂ.ಎ. ಮಾಡಬೇಕೆಂದರೆ ಟ್ರಂಕು ಹೊತ್ತು ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು? ಈಗ ಕಳಿಸುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲಂತೂ ಹಟ್ಟಿಗಳಿಂದ, ತಾಂಡಾಗಳಿಂದ ಬರುವ ಹೆಣ್ಣುಮಕ್ಕಳು ಜಾಸ್ತಿ ಆಗಿದ್ದಾರೆ. ನನ್ನ ಅಂಗಡಿ ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ಸೇರುವುದು ಸುಲಭವಾಗಿದೆ. ಸೇರುವ ಮೊದಲು ತಿಳಿದುಕೊಳ್ಳುವುದು ಮಾತ್ರ ಸುಲಭವಾಗಿಲ್ಲ. ನನ್ನ ದೂರು ಇರುವುದು ಇಷ್ಟೇ ವಿಷಯಕ್ಕೆ.

ನಾಯಕನಹಟ್ಟಿ ಕಡೆಯ ಒಂದು ಹಟ್ಟಿಯಿಂದ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಬಿ.ಎಸ್‌ಸಿ.ಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದಿದ್ದಳು. ಎಂ.ಎಸ್‌ಸಿ. ಕೆಮಿಸ್ಟ್ರಿ ಮಾಡುವ ಆಸೆ. ಅಪ್ಪ ಕುರಿ ಸಾಕುವವರು. ಸೀಟು ಸಿಕ್ಕಿತೆಂದು ಮೆಸೇಜ್ ಬಂದ ಮಾರನೇ ದಿನ ಅಪ್ಪ, ಮಗಳು ಇಬ್ಬರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಫೀಸು ಕಟ್ಟಲು ಎರಡೇ ದಿನ ಟೈಮು. ಅವರು ಹಿಂದಿನ ಸಂತೆಯಲ್ಲಿ ಎರಡು ಕುರಿ ಮಾರಿ ದುಡ್ಡು ತಂದಿದ್ದರು. ಪಂಚೆಯ ಮಡಿಕೆಯಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ನೋಟುಗಳನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: "ಎಲ್ಲಾ ಸೇರಿ ಎಷ್ಟಾಗ್ತೈತಪ್ಪ? ಎರಡು ವರ್ಷಕ್ಕೂ ಸೇರಿಸಿ ಹೇಳು. ಇನ್ನೆಷ್ಟು ಕುರಿ ಮಾರಬೇಕೋ ನೋಡ್ಕಂತೀನಿ."

ಸ್ವಾಮಿ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವೆಬ್‌ಸೈಟಿನಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲಿ ಒಂದು ಪಿಡಿಎಫ್ ಇತ್ತು, ಹಳೆಯ ವರ್ಷದ್ದು. ಅದರಲ್ಲಿ ಮೊದಲ ವರ್ಷದ ಫೀಸು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು, "ಬಂದು ವಿಚಾರಿಸಿ" ಅಂದರು. ಕೊನೆಗೆ ನಾನು ಅಂದಾಜಿನಲ್ಲಿ, "ಒಂದು ಮೂವತ್ತು ಸಾವಿರ ಇಟ್ಕೊಳ್ಳಿ ಯಜಮಾನರೇ" ಅಂದೆ. ಫೀಸು ಕಟ್ಟಿಸಿದೆ. ಅವರು ಧೈರ್ಯವಾಗಿ ಹೋದರು.

ಆ ಹುಡುಗಿ ಜಾಣೆ. ಎರಡು ವರ್ಷ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಖರ್ಚು ಬರೆದಿಟ್ಟಳು. ಓದು ಮುಗಿದ ಮೇಲೆ ನನಗೆ ತೋರಿಸಿದಳು. ಅವಳ ಒಪ್ಪಿಗೆ ತೆಗೆದುಕೊಂಡು ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ವರ್ಷದ ಫೀಸು 27,600 ರೂಪಾಯಿ. ನಾಲ್ಕು ಸೆಮಿಸ್ಟರಿನ ಪರೀಕ್ಷಾ ಶುಲ್ಕ 7,600. ಮೊದಲ ಸೆಮಿಸ್ಟರಿಗೆ ಹಾಸ್ಟೆಲ್ ಸಿಗಲಿಲ್ಲ. ಐದು ತಿಂಗಳು ರೂಮು ಮಾಡಿಕೊಂಡು ಊಟದ ಖರ್ಚೂ ಸೇರಿ 22,500. ಆಮೇಲೆ ಹಾಸ್ಟೆಲ್ ಸಿಕ್ಕಿತು, ಹದಿನೈದು ತಿಂಗಳ ಮೆಸ್ ಬಿಲ್ 39,000. ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕ, ಜೆರಾಕ್ಸ್ ಸೇರಿ 6,500. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಅಂತ ಬೆಂಗಳೂರಿಗೆ ಹೋಗಿ ಇದ್ದಿದ್ದಕ್ಕೆ 9,000. ಮಾರ್ಕ್ಸ್ ಕಾರ್ಡು, ಪ್ರೊವಿಷನಲ್ ಸರ್ಟಿಫಿಕೇಟು, ಘಟಿಕೋತ್ಸವದ ಶುಲ್ಕ, ಮೈಗ್ರೇಷನ್ ಎಲ್ಲ ಸೇರಿ 2,800. ಒಟ್ಟು 1,15,000 ರೂಪಾಯಿ.

ಸ್ಕಾಲರ್‌ಶಿಪ್ ಬಂದಿದ್ದು ಒಂದೇ ವರ್ಷ, 13,500. ಎರಡನೇ ವರ್ಷದ್ದು ಬರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಾಗಿಲ್ಲ ಅಂತ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ತೋರಿಸುತ್ತಿತ್ತು. ಬ್ಯಾಂಕಿನವರು ಸರಿಯಾಗಿದೆ ಅಂದರು. ಇಲಾಖೆಯವರು ಬ್ಯಾಂಕಿಗೆ ಹೋಗು ಅಂದರು. ಅಂತೂ ಆ ಮನೆಯ ಕೈಯಿಂದ ಹೋದ ದುಡ್ಡು 1,01,500 ರೂಪಾಯಿ. ನಾನು ಅಂದಾಜು ಹೇಳಿದ್ದು ಮೂವತ್ತು ಸಾವಿರ. ಆ ಅಪ್ಪ ಎಷ್ಟು ಕುರಿ ಮಾರಿದರು ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈ ಖರ್ಚು ಜಾಸ್ತಿ ಅಂತ ನಾನು ದೂರುತ್ತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಖಾಸಗಿಗಿಂತ ಎಷ್ಟೋ ಅಗ್ಗ. ಊಟ ಮಾಡಿದರೆ ಬಿಲ್ ಆಗುತ್ತದೆ, ಅದೂ ಗೊತ್ತು. ಆದರೆ ಈ 1,15,000ದಲ್ಲಿ ಮೊದಲೇ ಗೊತ್ತಿಲ್ಲದ ಖರ್ಚು ಯಾವುದು ಹೇಳಿ? ಪರೀಕ್ಷಾ ಶುಲ್ಕ ವಿಶ್ವವಿದ್ಯಾಲಯಕ್ಕೆ ಗೊತ್ತು. ಹಾಸ್ಟೆಲ್ ಹಂಚಿಕೆ ಒಂದು ಸೆಮಿಸ್ಟರ್ ತಡ ಆಗುತ್ತದೆ ಅನ್ನುವುದು ಗೊತ್ತು. ಪ್ರಾಜೆಕ್ಟಿಗೆ ಹೊರಗೆ ಹೋಗಬೇಕು ಅನ್ನುವುದು ಗೊತ್ತು. ಸರ್ಟಿಫಿಕೇಟಿನ ದರ ಗೊತ್ತು. ಎಲ್ಲ ಗೊತ್ತಿದ್ದೂ ದುಡ್ಡು ಕೊಡುವವರಿಗೆ ಮಾತ್ರ ಹೇಳುವುದಿಲ್ಲ. ಮೊದಲೇ ಗೊತ್ತಿದ್ದರೆ ಆ ಅಪ್ಪ ಶೇಂಗಾ ಬಂದ ಕಾಲಕ್ಕೆ ಒಂದಿಷ್ಟು ತೆಗೆದಿಡುತ್ತಿದ್ದರು. ಬೆಲೆ ಇಲ್ಲದ ಕಾಲದಲ್ಲಿ ಕುರಿ ಮಾರುತ್ತಿರಲಿಲ್ಲ. ಬಡವರಿಗೆ ಖರ್ಚಿಗಿಂತ ಹೆಚ್ಚು ಹೊಡೆತ ಕೊಡುವುದು ದಿಢೀರಂತ ಬರುವ ಖರ್ಚು.

ನಿಯಮ ಇಲ್ಲ ಅಂತಲೂ ಅಲ್ಲ. ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳನ್ನು ನೋಡಿ. ಪ್ರವೇಶ ಶುರುವಾಗುವ ಕನಿಷ್ಠ 60 ದಿನ ಮೊದಲೇ ಪ್ರಾಸ್ಪೆಕ್ಟಸ್ ಪ್ರಕಟಿಸಬೇಕು. ಅದರಲ್ಲಿ ಸೀಟುಗಳೆಷ್ಟು, ಶುಲ್ಕದ ಪ್ರತಿಯೊಂದು ಬಾಬ್ತು ಎಷ್ಟು, ಸೀಟು ಬಿಟ್ಟರೆ ವಾಪಸ್ ಎಷ್ಟು ಅಂತ ಬರೆಯಬೇಕು. 60 ದಿನ ಮೊದಲು ಅಂತ ನಿಯಮ ಇದೆ. ನನ್ನ ಅಂಗಡಿಗೆ ಬಂದ ಆ ಅಪ್ಪನಿಗೆ ಸಿಕ್ಕಿದ್ದು ಎರಡು ದಿನ.

ಸೀಟು ಬಿಡುವ ವಿಷಯದಲ್ಲೂ ಹೀಗೇ. 2024-25ರ ಪ್ರವೇಶಕ್ಕೆ ಯುಜಿಸಿ ಸ್ಪಷ್ಟವಾಗಿ ಹೇಳಿತ್ತು: ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಅಕ್ಟೋಬರ್ 31ರೊಳಗೆ ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ಬಿ.ಇಡಿ. ಸೀಟು ಸಿಕ್ಕಿ ಎಂ.ಕಾಂ. ಬಿಟ್ಟ ಒಬ್ಬ ಹುಡುಗನಿಗೆ ಕೌಂಟರಿನಲ್ಲಿ, "ಕಟ್ಟಿದ ಫೀಸು ವಾಪಸ್ ಬರಲ್ಲ" ಅಂದಿದ್ದರು. ನಾನು ಆ ಸುತ್ತೋಲೆಯ ಪ್ರಿಂಟ್ ತೆಗೆದು ಕೊಟ್ಟು ಕಳಿಸಿದೆ. ದುಡ್ಡು ಬಂತು. ಪ್ರಿಂಟ್ ತೆಗೆದುಕೊಡುವವರು ಇಲ್ಲದ ಮಕ್ಕಳು ಏನು ಮಾಡಬೇಕು?

ಇನ್ನು ಪ್ರವೇಶದ ವಿಷಯ. ಸಿಇಟಿ ಬರೆಯುವ ಮಕ್ಕಳಿಗೆ ಆ ಪರೀಕ್ಷೆ ನಡೆಸುವ ಕೆಇಎ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್ ಹಾಕುತ್ತದೆ. ಯಾವ ಕಾಲೇಜಿಗೆ ಯಾವ ಕೆಟಗರಿಯಲ್ಲಿ ಎಷ್ಟಕ್ಕೆ ನಿಂತಿತು ಅಂತ ನೋಡಿಕೊಂಡು ಮಕ್ಕಳು ಆಪ್ಷನ್ ಹಾಕುತ್ತಾರೆ. ಎಂ.ಎ., ಎಂ.ಎಸ್‌ಸಿ. ಸೇರುವ ನಮ್ಮ ಮಕ್ಕಳಿಗೆ ಅಂಥ ಅನುಕೂಲ ನನಗೆ ಕಂಡಿಲ್ಲ. ಎಷ್ಟು ಜನ ಅರ್ಜಿ ಹಾಕಿದ್ದರು, ಕೊನೆಯ ಸೀಟು ಎಷ್ಟು ಪರ್ಸೆಂಟಿಗೆ ಹೋಯಿತು, ಯಾವ ವಿಷಯದಲ್ಲಿ ಸೀಟು ಖಾಲಿ ಉಳಿಯಿತು, ಏನೂ ಗೊತ್ತಾಗದೆ ಕತ್ತಲಲ್ಲಿ ಅರ್ಜಿ ಹಾಕುತ್ತಾರೆ. ಭಯಕ್ಕೆ ನಾಲ್ಕು ಕಡೆ ಹಾಕುತ್ತಾರೆ, ನಾಲ್ಕೂ ಕಡೆ ಅರ್ಜಿ ಶುಲ್ಕ ಕಟ್ಟುತ್ತಾರೆ. ಮೆರಿಟ್ ಲಿಸ್ಟಿನಲ್ಲಿ ಹೆಸರು ಬರದಿದ್ದರೆ ಜಾಸ್ತಿ ಫೀಸಿನ ಪೇಮೆಂಟ್ ಸೀಟಿಗೆ ಒಪ್ಪಿಕೊಳ್ಳುತ್ತಾರೆ. ಎರಡನೇ ಲಿಸ್ಟಿಗೆ ಕಾದಿದ್ದರೆ ಮೆರಿಟ್‌ನಲ್ಲೇ ಸಿಗುತ್ತಿತ್ತೇನೋ. ಗೊತ್ತಿದ್ದರೆ ತಾನೇ ಕಾಯುವುದು?

ಈಗ ಆ ಹುಡುಗಿಯ ಕಥೆಗೇ ವಾಪಸ್ ಬರುತ್ತೇನೆ. ಕಥೆ ಖರ್ಚಿಗೇ ಮುಗಿಯಲಿಲ್ಲ.

ಎರಡು ವರ್ಷದ ಕೋರ್ಸ್ ಎರಡು ವರ್ಷ ಒಂಬತ್ತು ತಿಂಗಳು ಹಿಡಿಯಿತು. ಅವಳು ಫೇಲಾಗಿದ್ದಕ್ಕಲ್ಲ. ಪರೀಕ್ಷೆ ಮುಂದೆ ಹೋಯಿತು, ವ್ಯಾಲ್ಯುಯೇಷನ್ ತಡವಾಯಿತು, ರಿಸಲ್ಟ್‌ನಲ್ಲಿ ಒಂದು ಸಬ್ಜೆಕ್ಟಿನ ಇಂಟರ್ನಲ್ ಮಾರ್ಕ್ಸ್ ಸೇರಿರಲಿಲ್ಲ. ಅದನ್ನು ಸರಿಪಡಿಸಲು ಅಪ್ಪ ಮೂರು ಸಲ ಹೋಗಿ ಬಂದರು. ಓದಲು ಬರೆಯಲು ಬಾರದ ಮನುಷ್ಯ, ಕೈಯಲ್ಲಿ ಹಾಲ್‌ಟಿಕೆಟ್ ಜೆರಾಕ್ಸ್ ಹಿಡಿದು ಒಂದು ಟೇಬಲಿಂದ ಇನ್ನೊಂದಕ್ಕೆ ಅಲೆದರು. ಮೂರನೇ ಸಲ ವಾಪಸ್ ಬಂದವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಲೋಟ ನೀರು ಕುಡಿದು, "ನಾಳೆ ಬಾ ಅಂದ್ರು ತಮ್ಮಾ. ನಾಳೆ ಅಂದ್ರೆ ಯಾವತ್ತು ಅಂತ ಕೇಳಿದ್ರೆ ರೇಗ್ತಾರೆ" ಅಂದರು. ಅಷ್ಟು ಹೊತ್ತಿಗೆ ಅವಳಿಗೆ ಹರಿಹರದ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಮಾತಾಗಿತ್ತು. ಪ್ರೊವಿಷನಲ್ ಸರ್ಟಿಫಿಕೇಟ್ ತಂದುಕೊಡು ಅಂತ ಅವರು ಒಂದು ತಿಂಗಳು ಕಾದರು. ಆಮೇಲೆ ಬೇರೆಯವರನ್ನು ತೆಗೆದುಕೊಂಡರು.

ಆ ಕೆಲಸ ಹೋಗಿದ್ದಕ್ಕೆ ಯಾರು ಹೊಣೆ? ಯುಜಿಸಿಯ 2008ರ ಪದವಿ ಪ್ರದಾನ ನಿಯಮದ ಪ್ರಕಾರ ವಿದ್ಯಾರ್ಥಿ ಪದವಿಗೆ ಅರ್ಹನಾಗಬೇಕಾದ ದಿನದಿಂದ 180 ದಿನದೊಳಗೆ ಪದವಿ ಕೊಡಬೇಕು. ಹದಿನೇಳು ಹದಿನೆಂಟು ವರ್ಷದ ಹಿಂದಿನ ನಿಯಮ ಇದು. ಯಾವ ವಿಶ್ವವಿದ್ಯಾಲಯ ಇದನ್ನು ಎಷ್ಟು ಸಲ ಪಾಲಿಸಿತು, ಎಷ್ಟು ಸಲ ಮುರಿಯಿತು ಅಂತ ಒಂದು ಪಟ್ಟಿ ಮಾಡಿ ಹಾಕಿದರೆ ಸಾಕು, ಅರ್ಧ ತೊಂದರೆ ತಾನಾಗಿ ಕಡಿಮೆಯಾಗುತ್ತದೆ ಅಂತ ನನ್ನ ನಂಬಿಕೆ.

2021ರಿಂದ ಈಚಿನ ಬ್ಯಾಚುಗಳ ಕಷ್ಟ ಇನ್ನೊಂದು ಥರ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂತು. ನಾಲ್ಕು ವರ್ಷದ ಡಿಗ್ರಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ ಅಂದರು. ಪ್ರವೇಶ, ಪರೀಕ್ಷೆ, ರಿಸಲ್ಟ್ ಎಲ್ಲ ಯುಯುಸಿಎಂಎಸ್ ಅನ್ನುವ ಒಂದೇ ತಂತ್ರಾಂಶಕ್ಕೆ ಹೋಯಿತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ನೀತಿ ಬದಲಾಯಿಸುವುದು ಸರ್ಕಾರಕ್ಕೆ ಬಿಟ್ಟಿದ್ದು, ಅದರ ಬಗ್ಗೆ ವಾದ ಮಾಡಲು ನಾನು ಬಂದಿಲ್ಲ. ಆದರೆ ನಡುವೆ ಸಿಕ್ಕಿಕೊಂಡ ಬ್ಯಾಚಿನ ಮಕ್ಕಳು ಒಂದು ಸಬ್ಜೆಕ್ಟ್ ಉಳಿಸಿಕೊಂಡರೆ ಅದರ ಪರೀಕ್ಷೆ ಯಾವಾಗ, ಯಾವ ಸಿಲಬಸ್ ಅಂತ ನನ್ನ ಅಂಗಡಿಗೆ ಬಂದು ಕೇಳುತ್ತಾರೆ. ನಾನು ಯಾರು ಸ್ವಾಮಿ ಅದನ್ನು ಹೇಳಲು? 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಮಾಡಿದಾಗ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಒಂದು ಕಾಲೇಜಿನ ಪಾಠ ಎಷ್ಟು ಮಟ್ಟಿಗೆ ಅತಿಥಿಗಳ ಮೇಲೆ ನಿಂತಿದೆ ಅನ್ನುವುದನ್ನು ಸೇರುವ ಮಕ್ಕಳಿಗೆ ಹೇಳಬೇಕೋ ಬೇಡವೋ?

ಕಳೆದ ವರ್ಷ ಒಬ್ಬ ಎಂಜಿನಿಯರಿಂಗ್ ಮುಗಿಸಿದ ಹುಡುಗ ಅಮೆರಿಕಕ್ಕೆ ಅರ್ಜಿ ಹಾಕಲು ಕಾಗದ ಸ್ಕ್ಯಾನ್ ಮಾಡಿಸಲು ಬಂದಿದ್ದ. ಕೆಲಸ ನಡೆಯುತ್ತಿದ್ದಾಗ ಅವನು ನನಗೆ ಒಂದು ಪುಟ ತೋರಿಸಿದ. ಅಲ್ಲಿನ ಶಿಕ್ಷಣ ಇಲಾಖೆ 2013ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಅಂತ ನಡೆಸುತ್ತಿದೆಯಂತೆ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಒಂದರ ಹೆಸರು ಹಾಕಿದ. ಒಂದೇ ಪುಟದಲ್ಲಿ ಎಲ್ಲ ಬಂತು. ವರ್ಷಕ್ಕೆ ಸರಾಸರಿ ಖರ್ಚು ಎಷ್ಟು, ಸೇರಿದವರಲ್ಲಿ ಪದವಿ ಮುಗಿಸಿದವರು ನೂರಕ್ಕೆ ಎಷ್ಟು, ಓದಿ ಹೋದವರು ಏನು ದುಡಿಯುತ್ತಿದ್ದಾರೆ. ಖರ್ಚು ಅಂದರೆ ಬರೀ ಫೀಸಲ್ಲ. ಊಟ, ವಸತಿ, ಪುಸ್ತಕ ಎಲ್ಲ ಸೇರಿಸಿ, ಸಿಗುವ ಸಹಾಯಧನ ಕಳೆದು, ಕುಟುಂಬ ಕೈಯಿಂದ ಕೊಡುವ ದುಡ್ಡು. ಅದೂ ಮನೆಯ ಆದಾಯ ಇಷ್ಟಿದ್ದರೆ ಇಷ್ಟು ಅಂತ ಬೇರೆ ಬೇರೆ. ನಾನು ಆ ಪುಟವನ್ನು ನೋಡುತ್ತಲೇ ಕೂತೆ. ಪಂಚೆಯ ಮಡಿಕೆಯಿಂದ ದುಡ್ಡು ತೆಗೆದ ಆ ಯಜಮಾನರು ಕೇಳಿದ್ದೂ ಇದೇ ಪ್ರಶ್ನೆ.

ಆ ಹುಡುಗ ಹೇಳಿದ ಮೇಲೆ ನಾನೂ ಓದಿ ತಿಳಿದುಕೊಂಡೆ. ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು ಅಂತ ಹೇಳಲೇಬೇಕೆಂದು ಅಲ್ಲಿ 1990ರಲ್ಲೇ ಕಾನೂನು ಮಾಡಿದ್ದಾರೆ. ನಾಲ್ಕು ವರ್ಷದ ಕೋರ್ಸನ್ನು ಆರು ವರ್ಷದಲ್ಲಿ ಮುಗಿಸಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಮನೆಗೆ ಎಷ್ಟು ಖರ್ಚಾಗಬಹುದು ಅಂತ ಲೆಕ್ಕ ಹಾಕಿ ತೋರಿಸುವ ಸೌಲಭ್ಯವನ್ನು 2011ರ ಅಕ್ಟೋಬರ್‌ನಿಂದ ಅಲ್ಲಿನ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಇಡಲೇಬೇಕು. ಆ ದೇಶದ ಓದು ವಿಪರೀತ ದುಬಾರಿ, ಮಕ್ಕಳ ಮೇಲಿನ ಸಾಲವೂ ದೊಡ್ಡದು. ಅದು ನಮಗೆ ಬೇಡ. ನಮಗೆ ಬೇಕಾಗಿರುವುದು ಆ ಒಂದು ಪುಟ ಅಷ್ಟೇ.

ಅದಕ್ಕೆ ಬೇಕಾದ ಲೆಕ್ಕ ನಿಮ್ಮ ಹತ್ತಿರ ಈಗಲೇ ಇದೆ. ಸುಮ್ನೆ ಹೇಳುತ್ತಿಲ್ಲ. ಆ ಲೆಕ್ಕಗಳನ್ನು ತುಂಬುವ ಕೈಗಳಲ್ಲಿ ನನ್ನದೂ ಒಂದು. ಡಿಗ್ರಿಗೆ ಯಾರು ಸೇರಿದರು, ಯಾರು ಎಷ್ಟನೇ ಸೆಮಿಸ್ಟರಿನಲ್ಲಿ ಇದ್ದಾರೆ ಅನ್ನುವುದು ಯುಯುಸಿಎಂಎಸ್‌ನಲ್ಲಿದೆ. ಯಾರಿಗೆ ಎಷ್ಟು ಸ್ಕಾಲರ್‌ಶಿಪ್ ಬಂತು, ಯಾರಿಗೆ ನಿಂತಿತು ಅನ್ನುವುದು ಎಸ್‌ಎಸ್‌ಪಿಯಲ್ಲಿದೆ. ಯಾರ ಅಂಕಪಟ್ಟಿ ಯಾವತ್ತು ಬಂತು ಅನ್ನುವುದು ಅಂಕಪಟ್ಟಿಗಳನ್ನು ಆನ್‌ಲೈನಿನಲ್ಲಿ ಇಡುವ ಡಿಜಿಲಾಕರಿನ ನ್ಯಾಡ್‌ನಲ್ಲಿದೆ. ಇನ್ನು ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯೋಜನೆ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಆ ಅರ್ಜಿ ಹಾಕುವಾಗ ನಾವು ಅಭ್ಯರ್ಥಿಯ ಪದವಿಯ ವಿವರವನ್ನೆಲ್ಲ ಕೊಡುತ್ತೇವೆ. ಅಂದರೆ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿನವರು ಕೆಲಸ ಇಲ್ಲದೆ ಕೂತಿದ್ದಾರೆ ಅನ್ನುವುದು ಸರ್ಕಾರಕ್ಕೆ ಗೊತ್ತು. ಆ 180 ದಿನ, ಈ 180 ದಿನ ನೋಡಿ. ಆರು ತಿಂಗಳಲ್ಲಿ ಪದವಿ ಕೊಡಬೇಕು ಅಂತ ಒಂದು ನಿಯಮ. ಆರು ತಿಂಗಳು ಕೆಲಸ ಸಿಗದಿದ್ದರೆ ಭತ್ಯೆ ಅಂತ ಇನ್ನೊಂದು. ಸರ್ಟಿಫಿಕೇಟೇ ಬರದ ಹುಡುಗಿ ಎರಡಕ್ಕೂ ಸಲ್ಲಲಿಲ್ಲ.

ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಕೊಡುವ ರಾಷ್ಟ್ರಮಟ್ಟದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲಿ ಭಾಗವಹಿಸುವ ವಿಶ್ವವಿದ್ಯಾಲಯಗಳು ಎಷ್ಟು ಸೀಟು, ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮಧ್ಯಮ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು ಅಂತ ವರ್ಷ ವರ್ಷ ತುಂಬಿಕೊಡುತ್ತವೆ. ಅದನ್ನು ವೆಬ್‌ಸೈಟಿನಲ್ಲೂ ಹಾಕಬೇಕು. ಹಾಕಿರುತ್ತಾರೆ, ಇಂಗ್ಲಿಷಿನಲ್ಲಿ, ಎಲ್ಲೋ ಮೂಲೆಯಲ್ಲಿ. ದೆಹಲಿಗೆ ಕಳಿಸಲು ಆಗುವ ಲೆಕ್ಕವನ್ನು ನಾಯಕನಹಟ್ಟಿಗೆ ಕಳಿಸಲು ಏಕೆ ಆಗುವುದಿಲ್ಲ?

ಸಚಿವರೇ, ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ತಾವು ಈ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳು. ತಾವು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ನೇ ಸಾಕು. ಯಾರೂ ಅರ್ಜಿ ಹಾಕಿ ಕೇಳದೆ ಇದ್ದರೂ ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕು ಅಂತ ಅದು ಹೇಳುತ್ತದೆ.

ನನ್ನ ಕೋರಿಕೆ ಒಂದು ಹಾಳೆ. ಪ್ರತಿ ಕೋರ್ಸಿಗೂ ಒಂದು ಹಾಳೆ, ಕನ್ನಡದಲ್ಲಿ, ಅರ್ಜಿ ಕರೆಯುವ ದಿನವೇ. ಹಿಂದಿನ ವರ್ಷ ಎಷ್ಟು ಅರ್ಜಿ ಬಂತು, ಪ್ರತಿ ಕೆಟಗರಿಯಲ್ಲಿ ಕೊನೆಯ ಸೀಟು ಎಷ್ಟಕ್ಕೆ ಹೋಯಿತು ಅಂತ ಅದರಲ್ಲಿರಲಿ. ಕೋರ್ಸ್ ಮುಗಿಯುವವರೆಗಿನ ಒಟ್ಟು ಖರ್ಚು ಇರಲಿ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಮೆಸ್, ಪ್ರಾಜೆಕ್ಟ್, ಸರ್ಟಿಫಿಕೇಟ್ ಎಲ್ಲ ಸೇರಿಸಿ. ಹಾಸ್ಟೆಲ್ ಸಿಗದಿದ್ದರೆ ಎಷ್ಟು ಅಂತ ಬೇರೆ ಬರೆಯಲಿ. ಸೇರಿದವರಲ್ಲಿ ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು, ಕೊನೆಯ ಪರೀಕ್ಷೆಯಾಗಿ ಎಷ್ಟು ದಿನಕ್ಕೆ ಸರ್ಟಿಫಿಕೇಟ್ ಕೈಗೆ ಬಂತು, ಓದಿದವರು ಏನಾದರು ಅಂತ ಇರಲಿ. ಮೇಷ್ಟ್ರಾದವರು, ಬಿ.ಇಡಿ.ಗೆ ಹೋದವರು, ಕಂಪನಿ ಸೇರಿದವರು, ಊರಿಗೆ ವಾಪಸ್ ಬಂದು ಹೊಲ ನೋಡಿಕೊಂಡವರು, ಯುವನಿಧಿಗೆ ಅರ್ಜಿ ಹಾಕಿದವರು, ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಲ ನೋಡಿಕೊಂಡವರನ್ನು ಸೋತವರು ಅಂತ ಬರೆಯಬೇಡಿ. ಅವರಲ್ಲಿ ಡಿಗ್ರಿ ಓದಿದ್ದಕ್ಕೇ ಬೋರ್‌ವೆಲ್ ಸಾಲದ ಕಾಗದ ಓದಿ ಅರ್ಥ ಮಾಡಿಕೊಂಡು ಸಹಿ ಹಾಕುವವರಿದ್ದಾರೆ. ನಾನು ನೋಡಿದ್ದೇನೆ.

ಸ್ಕಾಲರ್‌ಶಿಪ್‌ಗೆ ಅರ್ಹರಾದ ಮಕ್ಕಳಿಗೆ ಇನ್ನೊಂದು ಕೋರಿಕೆ ಇದೆ. ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ, ವಸತಿಗೆ ಅಂತ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ, ಸಂತೋಷ. ಆದರೆ ಆ ದುಡ್ಡು ವರ್ಷದ ಕೊನೆಗೋ ಮುಂದಿನ ವರ್ಷಕ್ಕೋ ಬಂದರೆ ಆ ತಿಂಗಳ ರೂಮ್ ಬಾಡಿಗೆ ಯಾರು ಕಟ್ಟುತ್ತಾರೆ? ಶುಲ್ಕ ಮರುಪಾವತಿ ಇರುವ ಮಕ್ಕಳ ಹತ್ತಿರವೂ ಮೊದಲು ಪೂರ್ತಿ ಕಟ್ಟಿಸಿಕೊಂಡು ಆಮೇಲೆ ವಾಪಸ್ ಕೊಡುತ್ತೇವೆ ಅನ್ನುವ ಕೌಂಟರುಗಳಿವೆ. ಅದನ್ನು ನಿಲ್ಲಿಸಿ. ಆಧಾರ್ ಜೋಡಣೆಯಂಥ ತೊಂದರೆಗೆ ತಾಲ್ಲೂಕಿಗೆ ಒಬ್ಬರನ್ನು ಕೂರಿಸಿ. ವಾರಕ್ಕೆ ಒಂದು ದಿನ ಸಾಕು.

ಇಂಥ ಲೆಕ್ಕ ಹೊರಗೆ ಬಂದರೆ ನಮ್ಮ ಕಡೆಯ ವಿಶ್ವವಿದ್ಯಾಲಯಗಳಿಗೆ ಕೆಟ್ಟ ಹೆಸರು ಬರುತ್ತದೆ, ಮಕ್ಕಳು ಬರುವುದಿಲ್ಲ ಅಂತ ಕುಲಪತಿಗಳು ಹೇಳಬಹುದು. ಅವರ ಭಯ ನನಗೆ ಅರ್ಥವಾಗುತ್ತದೆ. 2025ರ ಆರಂಭದಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಿದ್ದನ್ನು ಎಲ್ಲರೂ ನೋಡಿದ್ದಾರೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವ ಮಕ್ಕಳು ಜಾಸ್ತಿ ಇರುವ ಕಡೆ, ಬೆಳೆ ಹೋದ ವರ್ಷ ಓದು ಬಿಡುವವರು ಇದ್ದೇ ಇರುತ್ತಾರೆ. ಬೆಂಗಳೂರಿನ ಸಂಖ್ಯೆಗೆ ನಮ್ಮ ಸಂಖ್ಯೆ ಹೋಲಿಸಿ, ಕಡಿಮೆ ಇದೆ ಅಂತ ಅನುದಾನ ಕತ್ತರಿಸಿದರೆ ಅದು ಅನ್ಯಾಯ. ಅದಕ್ಕೇ ಸ್ಪಷ್ಟವಾಗಿ ಕೇಳುತ್ತೇನೆ: ಈ ಲೆಕ್ಕವನ್ನು ಮುಚ್ಚುವುದಕ್ಕೆ ಬಳಸಬೇಡಿ, ಸರಿಪಡಿಸುವುದಕ್ಕೆ ಬಳಸಿ. ಎಲ್ಲಿ ಮಕ್ಕಳು ಅರ್ಧಕ್ಕೆ ಬಿಡುತ್ತಾರೋ ಅಲ್ಲಿಗೆ ಕಾಯಂ ಮೇಷ್ಟ್ರನ್ನು, ಹಾಸ್ಟೆಲ್ಲನ್ನು ಮೊದಲು ಕೊಡಿ. ಲೆಕ್ಕ ಮುಚ್ಚಿಟ್ಟು ಉಳಿಸಿಕೊಳ್ಳುವ ಹೆಸರಿಗೆ ಬೆಲೆ ಕೊಡುತ್ತಿರುವವರು ಕುರಿ ಮಾರುವ ಜನ.

ನಮ್ಮ ಊರಿನ ಹತ್ತಿರ ಕುದಾಪುರದಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ನಾಯಕನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಕೂತು ಆ ಕಡೆ ನೋಡುತ್ತಾ ಬೆಳೆದ ಹುಡುಗಿ ಅವಳು. ಲ್ಯಾಬಿನಲ್ಲಿ ಕೆಲಸ ಮಾಡುವ ಆಸೆ ಅಲ್ಲಿಂದಲೇ ಹುಟ್ಟಿದ್ದಂತೆ. ಈಗ ಅವಳು ಊರಿನ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಮತ್ತೆ ಅರ್ಜಿ ಹಾಕುತ್ತೇನೆ ಅಂತ ಹೇಳಿದ್ದಾಳೆ. ಅವಳ ತಂಗಿ ಈ ವರ್ಷ ಬಿ.ಎಸ್‌ಸಿ. ಮುಗಿಸುತ್ತಾಳೆ. ಯಜಮಾನರು ಮತ್ತೆ ನನ್ನ ಅಂಗಡಿಗೆ ಬರುತ್ತಾರೆ, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ಅಂಗಡಿಯ ಗೋಡೆಯ ಮೇಲೆ, ಬೆಂಚಿನ ಎದುರಿಗೆ, ಹಳೆಯ ಕ್ಯಾಲೆಂಡರ್ ತೆಗೆದು ಜಾಗ ಖಾಲಿ ಮಾಡಿದ್ದೇನೆ. ತಾವು ಆ ಹಾಳೆ ಕಳಿಸಿದರೆ ಅಲ್ಲಿ ಅಂಟಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳುತ್ತೇನೆ. ಕೇಳಿದವರಿಗೆಲ್ಲ ಜೆರಾಕ್ಸ್ ಮಾಡಿ ಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಅರ್ಜಿ ತುಂಬುವ ಅಂಗಡಿಯವನು